ನಿನ್ನ ಬರಿ ಯಾವುದು?

ಪ್ರಾಚೀನ ಜನಾಂಗಗಳ ಬಗ್ಗೆ ಓದುವುದು ನನ್ನ ಚಟ. ಓದಿದ್ದನ್ನು ಹೇಳಿ ಸಿಕ್ಕವರ ತಲೆ ತಿನ್ನುವುದು ಇನ್ನೂ ದೊಡ್ಡ ಚಟ. ಹಿಂದಿನವರು ಮೈಬಣ್ಣವನ್ನು ಬಿಸಿಲಿನ ಕೆಲಸ ಎಂದುಕೊಂಡಿದ್ದರು; ನಮ್ಮವರು ಯಾರು, ಹೊರಗಿನವರು ಯಾರು ಎಂದು ಮಾತು, ಊಟ, ನಡಾವಳಿ ನೋಡಿ ತೀರ್ಮಾನಿಸುತ್ತಿದ್ದರು ಎಂದು ಕದ್ರಿ ಪಾರ್ಕಿನ ಬೆಂಚಿನಲ್ಲಿ ಎಷ್ಟು ಸಲ ಭಾಷಣ ಬಿಗಿದಿದ್ದೇನೋ!

ಅಂಥ ನಾನು, ಬಿಜೈಯಲ್ಲಿ ಅಂಗಡಿ ಇಟ್ಟಿರುವ ಗೆಳೆಯ ಮೊಯ್ದಿನಾಕ ಘಾನಾ ದೇಶದ ನರ್ಸಿಂಗ್ ವಿದ್ಯಾರ್ಥಿನಿಯನ್ನು ದೇರೆಬೈಲಿನ ನಮ್ಮ ಮನೆಗೆ ಕರೆತಂದ ದಿನ ಏನು ಮಾಡಿದೆ ಗೊತ್ತೇ? ಅಕೋಸುವಾ ಎಂದು ಅವಳ ಹೆಸರು. ಎರಡು ದಿನದಲ್ಲಿ ಹಾಸ್ಟೆಲ್ ಬಿಡಬೇಕಿತ್ತು. ಆರು ಮನೆಯವರು ಆಗಲೇ ಮುಖ ನೋಡಿಯೇ ವಾಪಸು ಕಳಿಸಿದ್ದರು. ನಮ್ಮ ಮಹಡಿಯ ಕೋಣೆ ಖಾಲಿ ಇತ್ತು. ನಾನು ಗಂಟಲು ಸರಿಮಾಡಿಕೊಂಡು, "ರೂಮಿಗೆ ಪೈಂಟ್ ಮಾಡ್ಲಿಕ್ಕುಂಟು, ತಡ ಆಗ್ತದೆ" ಎಂದೆ. ಪೈಂಟ್ ಆಗಿ ತಿಂಗಳೂ ಕಳೆದಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ದೊಡ್ಡಮ್ಮ ಬಂದರು. ನನ್ನ ಅಮ್ಮನ ಅಕ್ಕ. ಹೆಣ್ಣಿನ ಕಡೆಯಿಂದ ವಂಶ ನಡೆಯುವ ಮನೆಯಾದ್ದರಿಂದ ಮನೆಯೂ ಅವರದು, ಕೊನೆಯ ಮಾತೂ ಅವರದು. ಬೆಲ್ಲ, ನೀರು ಮುಂದಿಟ್ಟು, ಹೊಸಬರು ಯಾರೇ ಬಂದರೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಇವಳ ಬರಿ ಯಾವುದಂತೆ?"

"ಆಫ್ರಿಕಾದಲ್ಲಿ ಬರಿ ಎಲ್ಲಿಂದ, ದೊಡ್ಡಮ್ಮಾ?"

"ಕೇಳು ಮಾರಾಯ. ಇಷ್ಟು ಓದಿದವನಿಗೆ ಒಂದು ಮಾತು ಕೇಳ್ಲಿಕ್ಕೆ ಎಂತ ಉದಾಸೀನ!"

ಬರಿ ಎಂದರೆ ತಾಯಿಯಿಂದ ಬರುವ ಕುಲ ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಅಕೋಸುವಾ ನೆಟ್ಟಗೆ ಕೂತಳು. ತಮ್ಮಲ್ಲೂ ಕುಲ ಅಮ್ಮನದೇ, ಸೋದರಮಾವನ ಆಸ್ತಿ ಅವನ ಅಕ್ಕತಂಗಿಯರ ಮಕ್ಕಳಿಗೇ ಎಂದು ಒಂದೇ ಉಸಿರಿಗೆ ಹೇಳಿ, ತನ್ನದು ಒಯೊಕೊ ಕುಲ ಎಂದಳು.

ನಾನು ಅದನ್ನು ಕನ್ನಡದಲ್ಲಿ ಹೇಳುತ್ತಲೇ, "ನಮ್ಮದೇ ಅಳಿಯಕಟ್ಟು!" ಎಂದು ದೊಡ್ಡಮ್ಮ ತೊಡೆ ತಟ್ಟಿದರು.

"ನಮ್ಮ ಬ್ಯಾರಿಗಳಲ್ಲೂ ಹಿಂದೆ ತಾಯಿಯ ಕಡೆಯದ್ದೇ ಲೆಕ್ಕ ಅಕ್ಕಾ," ಮೊಯ್ದಿನಾಕ ಬಿಡಲಿಲ್ಲ.

"ಹಾಗಾದ್ರೆ ನಾವು ಮೂರೂ ಜನ ಒಂದೇ. ಮನೆಗೆ ಬಂದವರ ಹತ್ರ ಸುಳ್ಳು ಹೇಳುವ ಇವ ಯಾವ ಬರಿಯವನೋ!" ಎನ್ನುತ್ತ ದೊಡ್ಡಮ್ಮ ಕೋಣೆಯ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟರು.

ತಾಯಿಯಿಂದ ಕುಲ ಹೇಳುವ ಲೀಸಿಯಾ ಎಂಬ ನಾಡಿನವರನ್ನು ಕಂಡು ಪ್ರಾಚೀನ ಗ್ರೀಕರು, ಲೋಕದಲ್ಲಿ ಇಂಥವರು ಬೇರೆಲ್ಲೂ ಇಲ್ಲ ಎಂದು ಬೆರಗಾಗಿದ್ದರಂತೆ. ಪಾಪ, ದೇರೆಬೈಲಿಗೆ ಬಂದು ಬೆಲ್ಲ ಕಚ್ಚಿ ನೀರು ಕುಡಿದವರಲ್ಲ.

ಮರುದಿನ ಅಕೋಸುವಾ ರಾಣಿಯಂತೆ ಮೆಟ್ಟಿಲು ಹತ್ತುತ್ತಿದ್ದಳು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ಅದು ಯಾರು?" ಎಂದರು.

"ನಮ್ಮ ಮನೆಯ ಹುಡುಗಿ. ಒಯೊಕೊ ಬರಿ," ಎಂದರು ದೊಡ್ಡಮ್ಮ, ಬೀದಿಗೆಲ್ಲ ಕೇಳುವ ಹಾಗೆ.

ಅವಳ ಟ್ರಂಕು ಹೊತ್ತು ಹಿಂದೆ ಏದುಸಿರು ಬಿಡುತ್ತಿದ್ದವನು ಯಾರೆಂದು ಯಾರೂ ಕೇಳಲಿಲ್ಲ.