ಖಂಡೇಪೂಜೆಗೆ ತಿಕ್ಕಿದ ಕನ್ನಡಿ

ನನ್ನ ಗಂಡನ ಹೆಸರು ದೇವೇಂದ್ರಪ್ಪ. ಇದ್ದಾಗ ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಈಗ ಬರೆಯುತ್ತಿದ್ದೇನೆ. ನಾನು ನಾಲ್ಕನೆಯ ಇಯತ್ತೆ ಓದಿದವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವರು ಇರಕಲ್ಲಗಡದವರು. ಗಂಗಾವತಿ ಹತ್ತಿರ ಒಂದು ಅಕ್ಕಿ ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದರು. ಮೊದಲು ಚೀಲ ಹೊತ್ತರು, ಆಮೇಲೆ ಬಾಯ್ಲರಿಗೆ ಹೊಟ್ಟು ಹಾಕಿದರು. ಆರು ವರ್ಷದ ಹಿಂದೆ ಗಿರಣಿಯವರು ಹಿಂದಿನ ಬಯಲಿನಲ್ಲಿ ಬಾಗಿದ ಕನ್ನಡಿಗಳನ್ನು ಸಾಲಾಗಿ ನಿಲ್ಲಿಸಿದರು. ಕನ್ನಡಿಗೆ ಬಿದ್ದ ಬಿಸಿಲು ಮುಂದಿನ ಕೊಳವೆಗೆ ಬೀಳುತ್ತದೆ. ಕೊಳವೆಯ ನೀರು ಉಗಿಯಾಗುತ್ತದೆ. ಆ ಉಗಿಯಲ್ಲಿ ಭತ್ತ ಬೇಯುತ್ತದೆ.

ಕನ್ನಡಿ ಅಳೆಯುವ ಕೆಲಸ ಇವರಿಗೆ ಬಂತು. ಬಿದ್ದ ಬೆಳಕಿನಲ್ಲಿ ಎಷ್ಟು ತಿರುಗಿ ಬರುತ್ತದೆ ಎಂದು ಹೇಳುವ ಯಂತ್ರ ಒಂದಿತ್ತು. ಅಂಗೈಯಲ್ಲಿ ಹಿಡಿಯುವಷ್ಟು. ಹೊಸ ಕನ್ನಡಿಗೆ ನೂರಕ್ಕೆ ತೊಂಬತ್ತಮೂರು. ತೊಂಬತ್ತಕ್ಕಿಂತ ಇಳಿದರೆ ತೊಳೆಯಬೇಕು. ಬೆಳಕು ಕೊಳವೆಯ ಮೇಲೇ ಬೀಳುತ್ತದೋ ಇಲ್ಲವೋ ಎಂದೂ ನೋಡುತ್ತಿದ್ದರು. ಒಂದು ಬೆರಳು ಆಚೆ ಬಿದ್ದರೂ ಬೋಲ್ಟು ತಿರುವಿ ಸರಿ ಮಾಡುತ್ತಿದ್ದರು. ಬಯಲಿನಲ್ಲಿ ಇವರು ಹೇಳಿದ್ದೇ ಮಾತು. ಗಂಗಾವತಿಯ ಇಂಜಿನಿಯರ್ ನಾಹೀದಾ ಮೇಡಂ ಕೂಡ ಇವರ ಅಂಕಿ ಕೇಳಿಯೇ ಮುಂದಿನ ಕೆಲಸ ಹೇಳುತ್ತಿದ್ದರು.

ಯಂತ್ರದ ಜೊತೆ ಬಿಲ್ಲೆಯಷ್ಟು ಅಗಲದ ಒಂದು ಮಾದರಿ ಕನ್ನಡಿ ಇತ್ತು. ದಿನಾ ಮೊದಲು ಅದನ್ನು ತೋರಿಸಿ ಯಂತ್ರಕ್ಕೆ ಲೆಕ್ಕ ಕೂಡಿಸುವುದು, ಆಮೇಲೆ ಉಳಿದದ್ದನ್ನು ಅಳೆಯುವುದು. ಗಿರಣಿಯಲ್ಲಿ ಧೂಳು ಎಂದು ಅದನ್ನು ಡಬ್ಬಿಯಲ್ಲಿಟ್ಟು ಮನೆಗೆ ತರುತ್ತಿದ್ದರು.

"ಗುರುಲಿಂಗಿ, ಇದನ್ನ ಮುಟ್ಟಬ್ಯಾಡ. ಇದು ಸೇರು ಇದ್ದಂಗ. ಸೇರು ನೆಗ್ಗಿತು ಅಂದ್ರ ಮುಕ್ಕಾಲು ಸೇರು ಕಾಳನೂ ಒಂದು ಸೇರು ಅನ್ನಿಸ್ತೈತಿ."

ಹೂಂ ಅಂದಿದ್ದೆ.

ಹೋದ ವರ್ಷ ದಸರೆಯಲ್ಲಿ, ದುಡಿಯುವ ಸಾಮಾನು ಪೂಜಿಸುವ ಖಂಡೇಪೂಜೆಯ ದಿನ ಅವರು ಹೂವು, ಕುಂಬಳಕಾಯಿ ತರಲು ಪೇಟೆಗೆ ಹೋಗಿದ್ದರು. ಕುಡುಗೋಲು, ಕೊಡಲಿ, ಹೊಲಿಗೆ ಮಷೀನು ಎಲ್ಲ ತೊಳೆದು ಇಟ್ಟೆ. ಗಂಡನಿಗೆ ಅನ್ನ ಕೊಡುವ ಸಾಮಾನು ಅದೊಂದೇ ಹಾಗೇ ಉಳಿಯಿತಲ್ಲ ಅನ್ನಿಸಿತು. ಡಬ್ಬಿ ಬಿಚ್ಚಿದೆ. ಕನ್ನಡಿಯ ಮೇಲೆ ನೀಲಿ ಛಾಯೆ ಇತ್ತು. ಕಲೆ ಅಂದುಕೊಂಡೆ. ಹಿತ್ತಾಳೆ ತಂಬಿಗೆ ತಿಕ್ಕಿದ ಹಾಗೆ ಒಲೆಯ ಬೂದಿ ಹಚ್ಚಿ ತಿಕ್ಕಿದೆ. ಸೆರಗಿನಿಂದ ಒರೆಸಿ ಅರಿವೆಯಲ್ಲಿ ಸುತ್ತಿ ಇಟ್ಟೆ. ಡಬ್ಬಿಗೆ ವಿಭೂತಿ ಹಚ್ಚಿದೆ. ಅವರು ಬಂದು ನೋಡಿ ನಕ್ಕರು. ಒಳಗೆ ನೋಡಲಿಲ್ಲ.

ಆಮೇಲೆ ಧೂಳು ಹಿಡಿದ ಕನ್ನಡಿಗೂ ತೊಂಬತ್ತೆರಡು ಬರತೊಡಗಿತು. ತೊಳೆಯುವ ಹೆಣ್ಣುಮಕ್ಕಳಿಗೆ ಇವರು "ಈ ವಾರ ಬ್ಯಾಡ್ರಿ" ಅಂದರು. ಉಗಿ ಸಾಲಲಿಲ್ಲ. ಎರಡು ಲಾರಿ ಭತ್ತ ಅರೆಬೆಂದು ನುಚ್ಚಾಯಿತು. ಮೇಡಂ ಮಾದರಿ ಕನ್ನಡಿಯನ್ನು ಬೆಳಕಿಗೆ ಹಿಡಿದರೆ ಮೈತುಂಬ ಕೂದಲೆಳೆಯಂಥ ಗೀರು. ಸೇರೇ ನೆಗ್ಗಿತ್ತು.

ಆ ಸಂಜೆ ಇವರು ಬಂದು ನಿಂತುಕೊಂಡೇ ಕೇಳಿದರು. "ಖರೇ ಹೇಳು. ಇದನ್ನ ಮುಟ್ಟೀಯೇನು?"

"ನಾ ಯಾಕ ಮುಟ್ಟಲಿ? ನೀವ ಬ್ಯಾಡ ಅಂದೀರಿ."

"ಹೌದಲ್ಲ," ಅಂದರು. ನಂಬಿದರು.

ಬೈಸಿಕೊಂಡಿದ್ದರೆ ಮುಗಿಯುತ್ತಿತ್ತು. ಬೈಗುಳಕ್ಕೆ ಅಂಜಿದೆ.

ಆ ವಾರವೇ ಇವರನ್ನು ಅಳತೆಯಿಂದ ತೆಗೆದು ಮತ್ತೆ ಬಾಯ್ಲರಿನ ಹೊಟ್ಟಿಗೆ ಹಾಕಿದರು. ಯಾಕೆ ಎಂದು ಇವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬುತ್ತಿ ಕೊಡಲು ಹೋದಾಗ ಹಮಾಲಿ ಪ್ರಭುರಾಜ ಕೂಗುತ್ತಿದ್ದ. "ಬರ್ರಿ ಬರ್ರಿ, ನಮ್ಮ ಅಣ್ಣಾರ ಮಜ್ಜಿಗಿ ಅಳದ್ರ ಹಾಲ ಆಗ್ತೈತಿ!" ಎಲ್ಲರೂ ನಕ್ಕರು. ಇವರು ಸಲಿಕೆ ಎತ್ತಿ ಹೊಟ್ಟು ತುಂಬಿದರು. ನಾನು ಬುತ್ತಿ ಇಟ್ಟು ಬಂದುಬಿಟ್ಟೆ.

ಏಳು ತಿಂಗಳಿಗೆ ಇವರಿಗೆ ಎದೆನೋವು ಬಂತು. ದವಾಖಾನೆ ಮುಟ್ಟುವ ಮೊದಲೇ ತೀರಿಕೊಂಡರು.

ಅವರ ಶಿವಗಣಾರಾಧನೆ ಆದ ಮೇಲೆ ಗಿರಣಿಗೆ ಹೋದೆ. ಮೇಡಂ ಕುರ್ಚಿ ಕೊಟ್ಟರು. ಕೂಡಲಿಲ್ಲ.

"ಆ ಕನ್ನಡಿ ನಾ ತಿಕ್ಕಿದ್ದುರಿ. ಅವರಿಗೆ ಗೊತ್ತಿದ್ದಿಲ್ಲ."

ಮೇಡಂ ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. "ಅವರಿಗೆ ಗೊತ್ತಿತ್ರಿ ಅಮ್ಮಾರ. ಮೊದಲ ದಿನ 'ನಮ್ಮ ಮನ್ಯಾಗ ಯಾರೂ ಮುಟ್ಟಿಲ್ಲ' ಅಂತ ಆಣಿ ಮಾಡಿದ್ರು. ಎರಡು ದಿನಕ್ಕ ತಾವ ಬಂದು, 'ನಾನ ಬೂದಿ ಹಚ್ಚಿ ತಿಕ್ಕೇನಿ' ಅಂದ್ರು. ತಿಕ್ಕಿದ್ದಕ್ಕ ನಾ ತಗೀಲಿಲ್ರಿ. ಸುಳ್ಳು ಹೇಳಿದ್ರಲ್ಲ, ಅದಕ್ಕ ತಗದೆ. ಅಳತಿ ಕೆಲಸದಾಗ ಅದು ನಡಿಯಂಗಿಲ್ಲ."

ಬೂದಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಡಬ್ಬಿಯ ಮೂಲೆಯಲ್ಲಿ ಉಳಿದದ್ದು ನೋಡಿರಬೇಕು. ನೋಡಿ, ನನ್ನ ಸುಳ್ಳನ್ನು ತಮ್ಮ ಮೇಲೆ ಎಳೆದುಕೊಂಡರು. ಏಳು ತಿಂಗಳು ನನ್ನ ಕೈಯ ರೊಟ್ಟಿ ಉಂಡರು. ಒಂದು ಮಾತು ಅನ್ನಲಿಲ್ಲ.

"ಸುಳ್ಳು ನಂದುರಿ," ಅಂದೆ. "ಮಂದಿ ಮುಂದ ಹೇಳ್ತೀನಿ."

ಚಹಾದ ಹೊತ್ತಿಗೆ ಎಲ್ಲರೂ ಕೂಡಿದ್ದರು. ಹೇಳಿದೆ. ನನ್ನ ದನಿ ನನಗೇ ಕೇಳಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ. ಪ್ರಭುರಾಜ ಕಪ್ಪು ಕೆಳಗಿಟ್ಟ.

"ಹೋಗ್ಲಿ ಬಿಡ್ರಿ ಅಕ್ಕಾರ. ಸತ್ತವರನ್ನ ಯಾರು ಆಡಿಕೋತಾರ?"

ಇದ್ದಾಗ ಆಡಿದೆಯಲ್ಲ ಎಂದು ಬಾಯಿಗೆ ಬಂತು. ಯಾವ ಮುಖ ಹೊತ್ತು ಕೇಳಲಿ? ಅವನಿಗೆ ಆ ಮಾತು ಕೊಟ್ಟವಳು ನಾನೇ.