ಬಿತ್ತನೆ ಕಡಲೆಕಾಯಿಯೂ ತಾತನ ಬೋಳುತಲೆಯೂ

ಹೋದ ವಾರ ಸಜ್ಜದ ಮೇಲಿನ ಡಬ್ಬವೊಂದನ್ನು ಇಳಿಸಿ ಮುಚ್ಚಳ ತೆಗೆದರೆ, ಮರೆತೇಹೋಗಿದ್ದ ಕಡಲೆಕಾಯಿ ಮುಗ್ಗಲು ಹಿಡಿದಿತ್ತು. ಚೆಲ್ಲುವ ಮೊದಲು ಆ ವಾಸನೆಯನ್ನು ಎರಡು ಸಲ ಮೂಸಿದೆ. ನಮ್ಮೂರು ಪುರವರದ ಮಾಳಿಗೆ ಮನೆ, ಅದರ ಅಟ್ಟ, ಅಟ್ಟದ ಕೆಳಗೆ ಜಗಳವಾಡುತ್ತಿದ್ದ ಇಬ್ಬರು ಮುದುಕರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

ಒಬ್ಬ ನಮ್ಮ ತಾತ ರಂಗಪ್ಪ. ಇನ್ನೊಬ್ಬಳು ಅವನ ಅಕ್ಕ ಪುಟ್ಟಮ್ಮ, ನಮ್ಮ ದೊಡ್ಡಜ್ಜಿ; ಗಂಡ ತೀರಿದ ಮೇಲೆ ತಮ್ಮನ ಮನೆಗೆ ಬಂದು, ಬಂದ ದಿನದಿಂದಲೇ ಯಜಮಾನಿಕೆ ಹಿಡಿದವಳು. ಬಿತ್ತನೆ ಕಡಲೆಕಾಯಿಗೆ ಗಾಳಿಯಾಡಲೆಂದು ಅಟ್ಟದ ಎದುರುಬದುರು ಗೋಡೆಗಳಲ್ಲಿ ಎರಡು ಕಿಂಡಿಗಳಿದ್ದವು. ಚಳಿಗಾಲದಲ್ಲಿ ಬೆಟ್ಟದ ಕಡೆಯ ಗಾಳಿ ಅಲ್ಲಿ ನುಗ್ಗಿ, ಏಣಿಯ ಬಾಯಿಂದಿಳಿದು, ನಡುಮನೆಯಲ್ಲಿ ಮಲಗಿದ ತಾತನ ಬೋಳುತಲೆಗೆ ನೇರ ಬಡಿಯುತ್ತಿತ್ತು. ಮಂಚ ಸರಿಸಿದರೆ ಅಕ್ಕನಿಗೆ ಸೋತಂತೆ ಎಂಬುದು ಅವನ ಲೆಕ್ಕ. ಅವನು ಕಿಂಡಿಗೆ ಗೋಣಿಚೀಲ ತುರುಕುವುದು, ಅವಳು ಕಿತ್ತೆಸೆಯುವುದು. "ಲೇ ರಂಗ, ನಿನ್ ತಲೆ ಮೊಳೆಯಾಕಿಲ್ಲ ಕಣ್ಲಾ, ಬೀಜ ಮೊಳೀಬೇಕು!"

ಒಂದು ಧನುರ್ಮಾಸದಲ್ಲಿ ದೊಡ್ಡಜ್ಜಿ ಮೊಮ್ಮಗಳ ಬಾಣಂತನಕ್ಕೆ ಹೊಳವನಹಳ್ಳಿಯ ಮಗಳ ಮನೆಗೆ ಹೋದಳು. ಬಸ್ಸು ಊರು ದಾಟುವುದರೊಳಗೆ ತಾತ ಮಣ್ಣು ಕಲಸಿ ಎರಡೂ ಕಿಂಡಿಗಳನ್ನು ಮೆತ್ತಿಬಿಟ್ಟ. ಆಮೇಲೆ ಮೂರು ವಾರ ಅರಸನಂತೆ ನಿದ್ದೆ ಮಾಡಿದ. ಹೊಗೆಗೆ ದಾರಿಯಿಲ್ಲದೆ ನಾವೆಲ್ಲ ಕಣ್ಣು ಕೆಂಪಗೆ ಮಾಡಿಕೊಂಡು ಮುದ್ದೆ ನುಂಗುತ್ತಿದ್ದರೆ, "ಮನೆ ಹೆಂಗೆ ಬೆಚ್ಚಗೈತೆ ನೋಡ್ರಿ" ಎಂದು ಬೀಗುತ್ತಿದ್ದ. ಒಲೆಯ ಹಬೆಯೆಲ್ಲ ಮೇಲೇರಿ ಕಾಯಿಗೆ ಹಿಡಿಯುತ್ತಿದ್ದುದು ಯಾರಿಗೂ ಹೊಳೆಯಲಿಲ್ಲ.

ದೊಡ್ಡಜ್ಜಿ ವಾಪಸು ಬಂದವಳೇ ಹೊಸ್ತಿಲಲ್ಲಿ ನಿಂತು ಮೂಸಿದಳು. ಕಂಕುಳಿನ ಗಂಟನ್ನೂ ಇಳಿಸದೆ ಏಣಿ ಹತ್ತಿದಳು. ಕೆಳಗೆ ಬಂದು, ಬೂಷ್ಟು ಹಿಡಿದ ಕಾಯಿಯನ್ನು ಒಂದು ಹಿಡಿ ತಾತನ ಅಂಗೈಗೆ ಹಾಕಿದಳು. "ಬಿತ್ಕಳಪ್ಪಾ" ಎಂದಳು, ಅಷ್ಟೇ. ಬಯ್ಯದ ಅಕ್ಕನನ್ನು ಕಂಡು ತಾತ ಹೆದರಿಹೋದ.

ಹಾರೆ ಹಿಡಿದು ತಾನೇ ಅಟ್ಟ ಹತ್ತಿದ. ಪಶ್ಚಾತ್ತಾಪದ ಏಟು ಸ್ವಲ್ಪ ಜೋರಾಯಿತು. ಕಿಂಡಿಯ ಜೊತೆ ಸುತ್ತಲಿನ ಒಂದಿಷ್ಟು ಗೋಡೆಯೂ ಬೀದಿಗೆ ಬಿತ್ತು. ಅದರ ಹಿಂದೆಯೇ ಮುಗ್ಗರಿಸಿದ ತಾತ ಎದೆಯವರೆಗೆ ಆಚೆ ಬಂದು ಆ ತೂತಿನಲ್ಲಿ ಸಿಕ್ಕಿಕೊಂಡ. ಕೆಳಗೆ ಹಾದುಹೋಗುತ್ತಿದ್ದ ಮೇಷ್ಟ್ರು ತಲೆಯೆತ್ತಿ, "ಏನ್ ರಂಗಣ್ಣ, ಅಲ್ಲೇನ್ ಮಾಡ್ತಿದ್ದೀಯ?" ಎಂದರು.

"ಗಾಳಿ ತಗೋತಾ ಇವ್ನಿ ಮೇಷ್ಟ್ರೇ, ನೀವು ನಡೀರಿ."

ಕಾಲು ಹಿಡಿದು ಒಳಗೆಳೆದವಳು ದೊಡ್ಡಜ್ಜಿಯೇ. ಎಳೆಯುತ್ತ ನಗು ತಡೆಯಲಾರದೆ ಎರಡು ಸಲ ಕೈಬಿಟ್ಟಳು. ಕಾಯಿಯನ್ನೆಲ್ಲ ಅಂಗಳದಲ್ಲಿ ಒಣಗಿಸಿ ಅಕ್ಕ ತಮ್ಮ ಎದುರುಬದುರು ಕೂತು ಆರಿಸಿದರು. ಅರ್ಧ ಬಿತ್ತನೆಗೆ ಉಳಿಯಿತು, ಮಿಕ್ಕರ್ಧ ಹೊಳವನಹಳ್ಳಿಯ ಮಗಳ ಮನೆಯಿಂದ ಬಂತು. ಗೋಡೆ ಕಟ್ಟಿಸಿದಾಗ ಕಿಂಡಿಗಳು ಕಿಂಡಿಗಳಾಗಿಯೇ ಉಳಿದವು. ಆದರೆ ದೊಡ್ಡಜ್ಜಿ ತನ್ನ ಹಳೇ ಸೀರೆಯನ್ನು ನಾಲ್ಕು ಪದರ ಮಡಿಸಿ, ಕೂಸುಗಳಿಗೆ ಹಾಕುವಂಥ ಕುಲಾವಿಯೊಂದನ್ನು ಎಪ್ಪತ್ತು ದಾಟಿದ ತಮ್ಮನಿಗೆ ಹೊಲಿದುಕೊಟ್ಟಳು. ಗದ್ದದ ಕೆಳಗೆ ದಾರ ಕಟ್ಟಿಕೊಂಡು ತಾತ ಊರೆಲ್ಲ ಓಡಾಡಿದ.

ಮೂರು ವರ್ಷದ ಮೇಲೆ, ಶಿವರಾತ್ರಿ ಕಳೆದು ಚಳಿ ಬಿಟ್ಟ ವಾರ, ತಾತ ಹೋದ. ದೊಡ್ಡಜ್ಜಿ ಅಳಲಿಲ್ಲ. ತಿಥಿಯಾದ ಮಾರನೆಯ ದಿನ ಅಮ್ಮ ಊಟಕ್ಕಿಟ್ಟು, "ಇನ್ನೇನಾದ್ರೂ ಬೇಕಾ ದೊಡ್ಡತ್ತೆ?" ಎಂದಾಗ ತಟ್ಟೆ ನೋಡುತ್ತ, "ಬಯ್ಯಾಕೆ ಯಾರೂ ಇಲ್ವಲ್ಲ ಕಣಮ್ಮ" ಎಂದಳು. ಆಮೇಲೆ ಬದುಕಿದ್ದ ನಾಲ್ಕು ವರ್ಷವೂ ಅವಳು ಎಲ್ಲರ ಹತ್ತಿರ ಮೆತ್ತಗೆ ಮಾತಾಡಿದಳು. ಆ ಮೆತ್ತನೆಯ ಮಾತನ್ನು ಕೇಳುವುದೇ ನಮಗೆ ಕಷ್ಟವಾಗುತ್ತಿತ್ತು.