ಹರಿಹರದ ಸ್ವಿಚ್ಚಿಗೆ ಎಂಟು ಆಗಿಬರಲ್ವಂತೆ

ಕೇಳ್ರಪ್ಪಾ, ಇವತ್ತು ನೆಟ್‌ವರ್ಕ್ ಸ್ವಿಚ್ಚಿಗೂ ಶನಿ ಹಿಡೀತು.

ನಮ್ಮ ಕಂಪನಿದು ಕರೂರಲ್ಲೊಂದು, ಹತ್ತಿರದ ಹರಿಹರದಲ್ಲೊಂದು ಘಟಕ. ಎರಡೂ ಕಡೆ ಸ್ವಿಚ್ಚಿನ ಪೆಟ್ಟಿಗೆ, ಮಧ್ಯೆ ಎರಡು ಲೈನು: ಒಂದ್ರಲ್ಲಿ ಕ್ಯಾಮೆರಾ, ಇನ್ನೊಂದ್ರಲ್ಲಿ ಬಿಲ್ಲಿಂಗ್. ಬೆಳಿಗ್ಗೆಯಿಂದ ಒಂದು ಲೈನ್ ಪೂರ್ತಿ ಬಂದ್, ಇನ್ನೊಂದ್ರಲ್ಲೇ ಎಲ್ಲಾ ನೂಕುನುಗ್ಗಲು. ಬಿಲ್ ಬರದೆ ಗೇಟಲ್ಲಿ ಲಾರಿ ನಿಂತಿದ್ವು.

ನೆಟ್‌ವರ್ಕ್ ನೋಡ್ಕೊಳ್ಳೋ ನಾನು ಕರೂರಿಂದ ಹರಿಹರಕ್ಕೆ ಓಡಿ ನೋಡಿದ್ರೆ, ಅಲ್ಲಿನ ಮ್ಯಾನೇಜರ್ ಸಾಹೇಬ್ರು ಸ್ವಿಚ್ಚಿನ ಸೆಟ್ಟಿಂಗಲ್ಲಿದ್ದ ರಿವಿಷನ್ ನಂಬರ್ ಎಂಟನ್ನ ಒಂಬತ್ತು ಮಾಡ್ಯಾರೆ!

“ಎಂಟು ಶನಿ ಸಂಖ್ಯೆ ರೀ. ನಮ್ಮ ಜ್ಯೋತಿಷಿ ಬ್ಯಾಡ ಅಂದ್ರು.”

“ಸರ್, ಎರಡೂ ಕಡೆ ಸ್ವಿಚ್ಚು ಒಂದೇ ರೀಜನ್, ಅಂದ್ರೆ ಒಂದೇ ಮನೆಯವು, ಆಗ್ಬೇಕಂದ್ರೆ ಹೆಸರು, ನಂಬರ್, ಕ್ಯಾಮೆರಾ-ಬಿಲ್ಲಿಂಗ್ ಗುಂಪು ಮಾಡಿದ ರೀತಿ, ಮೂರೂ ಒಂದೇ ಇರ್ಬೇಕು. ಒಂದು ತಪ್ಪಿದ್ರೂ ಒಂದಕ್ಕೊಂದು ಪರಕೀಯ ಆಗ್ತಾವೆ. ಆಮೇಲೆ ಡೇಟಾ ಸುತ್ತು ಹೊಡೀಬಾರ್ದು ಅಂತ ಒಂದು ಲೈನನ್ನೇ ಮುಚ್ತಾವೆ.”

“ಹಂಗಾದ್ರೆ ನೀವೂ ಒಂಬತ್ತು ಮಾಡ್ರಿ. ಅದರಾಗೇನೈತೆ?”

ಹೊರಗೆ ಡ್ರೈವರ್‌ಗಳು ಬೈತಿದ್ರು. ಅಲ್ಲಿಂದ್ಲೇ ಲ್ಯಾಪ್‌ಟಾಪ್ ತೆಗೆದು ಕರೂರಿನ ಸ್ವಿಚ್ಚಿನದ್ದೂ ಒಂಬತ್ತು ಮಾಡ್ದೆ. ಎರಡೂ ಲೈನ್ ಎದ್ವು.

ಸಾಹೇಬ್ರು ಮೀಸೆ ತಿರುವಿದ್ರು: “ನೋಡಿದ್ರಾ ಒಂಬತ್ತರ ಮಹಿಮೆ?”

ನಾಳೆ ಆಫೀಸಲ್ಲಿ ಸನ್ಮಾನ ಐತೆ. ಶಾಲು, ಹಾರ ಜ್ಯೋತಿಷಿಗೆ. ಮೈಕಿನ ವೈರ್ ಎಳೆಯೋ ಕೆಲಸ ನನಗೆ.